ಕೊನೆಯ ಹೊಗೆಗೂಡಿನ ಐನರ್

ಬೋದಿಲ್ ಅವನನ್ನು ಕಣ್ಣಾರೆ ಕಾಣುವುದಕ್ಕೆ ಮೊದಲು ಕಿವಿಯಾರೆ ಕೇಳಿದಳು. ಅದೂ ತನ್ನ ಅಡುಗೆಮನೆಯ ಒಲೆಯೊಳಗಿನಿಂದ.

ಎಂಬತ್ತನಾಲ್ಕನೆಯ ಇಸವಿಯ ಅಕ್ಟೋಬರ್, ಮಂಗಳವಾರ. ಗಂಡ ಕಾಯ್‌ನ ಹುಟ್ಟುಹಬ್ಬ. ಒಲೆಯ ಬೂದಿ ತೆಗೆದು ಬಾಗಿಲು ಹಾಗೇ ತೆರೆದಿಟ್ಟು, ಮೂರು ಪದರದ ಕೇಕಿಗೆ ಕೆನೆ ಬಳಿದು, ಅದರ ಮೇಲೆ ಕಾಗದದ ಪುಟ್ಟ ಬಾವುಟ ಚುಚ್ಚುತ್ತಿದ್ದಳು. ಆಗ ಒಲೆ ಮಾತಾಡಿತು.

"ಕೆಳಗಿರೋರು ಒಲೆ ಬಾಗಿಲು ಮುಚ್ಚಿ!"

ಅತ್ತೆ ತೀರಿಕೊಂಡು ಆರು ತಿಂಗಳಾಗಿತ್ತು. ಬದುಕಿದ್ದಷ್ಟು ದಿನವೂ ಆ ಬಾಗಿಲು ಮುಚ್ಚು, ಈ ಬಾಗಿಲು ಮುಚ್ಚು ಎನ್ನುವುದೇ ಆಕೆಯ ಜಪ. ಧ್ವನಿ ಗಂಡಸಿನದು, ನಿಜ. ಆದರೆ ಮಣ್ಣಿನಡಿ ಆರು ತಿಂಗಳು ಮಲಗಿದರೆ ಯಾರ ಗಂಟಲು ತಾನೇ ಕಟ್ಟುವುದಿಲ್ಲ? ಬೋದಿಲ್ ಒಲೆಯ ಬಾಯಿಗೆ ಮುಖವಿಟ್ಟು ಕೇಳಿದಳು: "ಯಾವ ಬಾಗಿಲು, ಅತ್ತೆ?"

ಮಾಡಿನ ಹೆಂಚಿನ ಮೇಲೆ ಬೂಟು ಸರಿದ ಸದ್ದು. ಆಮೇಲೆ, "ನಾನು ಅತ್ತೆ ಅಲ್ಲ. ಪುರಸಭೆಯವನು," ಎಂದಿತು ಧ್ವನಿ. ಅದರ ಹಿಂದೆಯೇ ಕಬ್ಬಿಣದ ಗುಂಡು ಕಟ್ಟಿದ ಬ್ರಷ್ಷು ಬಂತು, ಬ್ರಷ್ಷಿನ ಹಿಂದೆ ಒಂದು ವರ್ಷದ ಮಸಿ ಬಂತು. ಬೋದಿಲ್ ಕಣ್ಣುಜ್ಜಿಕೊಂಡು ನೋಡುವಾಗ ಕೇಕು ಕಲ್ಲಿದ್ದಲಿನ ಗುಡ್ಡೆಯಂತಿತ್ತು. ಬಾವುಟ ಮಾತ್ರ ನಿಂತೇ ಇತ್ತು.

ಎರಡು ನಿಮಿಷಕ್ಕೆ ಬಾಗಿಲಲ್ಲಿ ಒಬ್ಬ ಆಸಾಮಿ. ತಲೆಯಿಂದ ಕಾಲಿನವರೆಗೂ ಕಪ್ಪು, ಕಣ್ಣು ಎರಡು ಮಾತ್ರ ಬಿಳಿ. ಕಪ್ಪು ಕೋಟು, ಹಿತ್ತಾಳೆಯ ಗುಂಡಿಗಳು. ಮೇಲಿನಿಂದ ಮೂರನೆಯ ಗುಂಡಿಯ ಜಾಗದಲ್ಲಿ ಬರೀ ದಾರ.

"ಹೋದ ವಾರವೇ ಬಾಗಿಲಿಗೆ ಕಾರ್ಡು ಸಿಕ್ಕಿಸಿ ಹೋಗಿದ್ದೆನಲ್ಲ, ಇವತ್ತು ಬರ್ತೀನಿ ಅಂತ?"

"ಆ ಕಾರ್ಡಿನ ಮೇಲೆ ಈಗ ಹೂಕುಂಡ ಇದೆ," ಎಂದಳು ಬೋದಿಲ್. ಏಳನೆಯ ತರಗತಿಗೆ ಶಾಲೆ ಬಿಟ್ಟು ಮೀನು ಕಟ್ಟುವ ಶೆಡ್ಡಿಗೆ ಸೇರಿದವಳು ಅವಳು. ಪುರಸಭೆಯ ಸಣ್ಣಕ್ಷರ ಅವಳಿಗೆ ಇರುವೆ ಸಾಲಿನ ಹಾಗೆ ಕಾಣುತ್ತಿತ್ತು.

ಅವನು ಕೇಕಿನ ಕಡೆ ನೋಡಿದ. ಟೋಪಿ ತೆಗೆದು ಕೂತ. "ಒಂದು ತುಂಡು ಕೊಡು. ತಪ್ಪು ಮಾಡಿದವನೇ ತಿನ್ನಬೇಕು."

ಕೊಟ್ಟಳು. ತಿಂದ, ಪೂರ್ತಿ ತಿಂದ. ಹಲ್ಲೂ ಕಪ್ಪಾಯಿತು.

"ಹೇಗಿದೆ?"

"ಕೆಳಗಿನ ಎರಡು ಪದರ ಚೆನ್ನಾಗಿದೆ."

ಇವನೇ ಐನರ್ ತೋಫ್ಟ್. ಹೋಲ್ಮ್‌ವಿಗ್ ಊರಿಗೆ ಹೊಗೆಗೂಡು ಗುಡಿಸಲು ಹೊಸದಾಗಿ ಬಂದವನು. ಅವತ್ತು ಸೇರಿಕೊಂಡ ಮಸಿ ಎಂಬ ಹೆಸರು ಅವನನ್ನು ಕೊನೆಯವರೆಗೂ ಬಿಡಲಿಲ್ಲ: ಮಸಿ ಐನರ್.

ಆಮೇಲೆ ವರ್ಷಕ್ಕೆ ಎರಡು ಸಲ, ಏಪ್ರಿಲ್‌ನಲ್ಲೊಮ್ಮೆ ಅಕ್ಟೋಬರ್‌ನಲ್ಲೊಮ್ಮೆ, ಅವನು ಮಾಡು ಹತ್ತುತ್ತಿದ್ದ, ಇವಳು ಒಲೆಯ ಬಾಗಿಲು ತೆರೆದು ಮಣೆ ಹಾಕಿಕೊಂಡು ಕೂರುತ್ತಿದ್ದಳು.

"ಬೋದಿಲ್, ಇದ್ದೀಯಾ?"

"ಇಲ್ದೆ ಎಲ್ಲಿಗೆ ಹೋಗ್ಲಿ? ಏನು ಕಾಣ್ತಿದೆ ಮೇಲೆ?"

"ಪಾದ್ರಿ ಬೇಲಿಗೆ ಬಣ್ಣ ಹೊಡೀತಿದ್ದಾನೆ. ಅರ್ಧ ಹೊಡೆದು ನಿದ್ದೆ ಹೋಗಿದ್ದಾನೆ."

"ಯಾವ ಬಣ್ಣ?"

"ಬೇಲಿಗೆ ಹಸಿರು. ಪಾದ್ರಿಗೂ ಹಸಿರೇ."

ಮೇಲಿನ ಸುದ್ದಿ ಕೆಳಗೆ, ಕೆಳಗಿನ ಸುದ್ದಿ ಮೇಲೆ. ಎದುರುಬದುರು ಕೂತು ಕಾಫಿ ಕುಡಿಯುವಾಗ ಇಬ್ಬರಿಗೂ ಅಷ್ಟು ಮಾತು ಬರುತ್ತಿರಲಿಲ್ಲ. ಕಾಯ್ ನಗುತ್ತಿದ್ದ: "ನೀವಿಬ್ಬರೂ ನಡುವೆ ಒಂದು ಹೊಗೆಗೂಡು ಇಟ್ಕೊಂಡು ಕೂತ್ಕೊಳ್ಳಿ, ಆಗ ಸರಿಹೋಗುತ್ತೆ."

ಮೂರನೆಯ ಗುಂಡಿಯ ಕಥೆಯನ್ನೂ ಅವನು ಹೇಳಿದ್ದು ಮೇಲಿನಿಂದಲೇ. ಆ ಕೋಟು ಅವನ ಅಪ್ಪನದು. ಒಂದೇ ಊರಿನಲ್ಲಿ ನಲವತ್ತು ವರ್ಷ ಹೊಗೆಗೂಡು ಗುಡಿಸಿದವನಿಗೆ ಆ ಕಸುಬಿನವರ ಸಂಘ ಒಂದು ಬೆಳ್ಳಿಯ ಗುಂಡಿ ಕೊಡುತ್ತದೆ, ಅದು ಕೂರುವುದು ಮೂರನೆಯ ಜಾಗದಲ್ಲಿ. ಅಪ್ಪ ಆಸೆಯಿಂದ ಮೊದಲೇ ಅಲ್ಲಿನ ಹಿತ್ತಾಳೆ ಕಿತ್ತು ಜಾಗ ಮಾಡಿಟ್ಟುಕೊಂಡ. ಮೂವತ್ತೆಂಟನೆಯ ವರ್ಷಕ್ಕೆ ಅವನ ಊರಿನವರು ಅವನ ಕೆಲಸವನ್ನು ಪಕ್ಕದೂರಿನ ಕೆಲಸಕ್ಕೆ ಸೇರಿಸಿಬಿಟ್ಟರು. ದಾರ ಉಳಿಯಿತು.

"ನಾನು ಅದನ್ನ ತುಂಬಿಸ್ತೀನಿ," ಎಂದ ಐನರ್. "ಬೇರೇನೂ ಬೇಡ ನನಗೆ."

ಹೊಗೆಗೂಡು ಗುಡಿಸುವವನ ಗುಂಡಿ ಮುಟ್ಟಿದರೆ ಅದೃಷ್ಟ ಎಂಬುದು ಅಲ್ಲಿನ ನಂಬಿಕೆ; ತಮ್ಮ ಮದುವೆಯ ದಿನ ಹೆಣ್ಣುಮಕ್ಕಳು ಅವನ ಗುಂಡಿ ಮುಟ್ಟಲು ಬರುತ್ತಿದ್ದರು. ಅವರ ಕೈಯನ್ನು ಅವನು ಎರಡನೆಯದಕ್ಕೋ ನಾಲ್ಕನೆಯದಕ್ಕೋ ಸರಿಸುತ್ತಿದ್ದ. ಖಾಲಿ ಜಾಗ ಯಾರೂ ಮುಟ್ಟಬಾರದು.

ಅಷ್ಟರಲ್ಲಿ ಊರು ಹೊಗೆಯನ್ನೇ ತೊರೆಯುವ ಯೋಚನೆಗೆ ಬಿತ್ತು. ಮನೆಮನೆಗೂ ಒಲೆ ಯಾಕೆ, ಒಂದೇ ಕಡೆ ನೀರು ಕಾಯಿಸಿ ನೆಲದಡಿ ಕೊಳವೆಯಲ್ಲಿ ಎಲ್ಲರ ಮನೆಗೂ ಕಳಿಸಿದರಾಯಿತು ಎಂದರು. ಹೋಲ್ಮ್‌ವಿಗ್‌ನಲ್ಲಿ ಯಾವುದೂ ಸಭೆಯಿಲ್ಲದೆ ಆಗುವುದಿಲ್ಲ. ಸಭೆ ಎಂದರೆ ಮೊದಲು ಹಾಡು, ಆಮೇಲೆ ಕಾಫಿ ಬನ್ನು, ಆಮೇಲೆ ಜಗಳ, ಆಮೇಲೆ ಕೈ ಎತ್ತುವುದು. ಶಾಲೆಯ ಆಟದ ಹಜಾರದಲ್ಲಿ ನಾನೂರು ಜನ ಸೇರಿದ್ದರು. ಎಲ್ಲರ ಕಣ್ಣೂ ಐನರನ ಮೇಲೆ. ಕೊಳವೆ ಬಂದರೆ ಇವನ ಗತಿಯೇನು?

ಮೊದಲು ಮೇಲೆದ್ದದ್ದು ಇವನ ಕೈ.

"ಏನಯ್ಯ, ಬುದ್ಧಿ ಸರಿಯಿದೆಯಾ?" ಎಂದ ಮೀನಂಗಡಿಯವನು.

"ಊರಿನವರ ಹೊಗೆಯೆಲ್ಲ ದಿನಾ ನನ್ನ ಮೂಗಲ್ಲಿ ಕೂತು ನನ್ನ ಮನೆಗೆ ಬರುತ್ತೆ. ಅದು ಏನು ಅಂತ ನೀನು ನನಗೆ ಹೇಳ್ತೀಯಾ? ನಾನು ಹೊಗೆಯ ಪರ ಅಲ್ಲ, ಹೊಗೆಗೂಡಿನ ಪರ." ಹಾಗೆಂದು ಕೆಮ್ಮಿದ. ಎತ್ತಿದ ಕೈ ಇಳಿಸಲಿಲ್ಲ.

ಬೀದಿ ಅಗೆದರು. ಮೀನಖಂಡದಷ್ಟು ದಪ್ಪದ ಜೋಡಿ ಕೊಳವೆ ಹಾಸಿದರು, ಬಿಸಿ ಹೋಗಲು ಒಂದು, ಆರಿದ್ದು ಮರಳಲು ಒಂದು. ಮೊದಲು ಹೊಲದ ಹುಲ್ಲು ಸುಟ್ಟು ನೀರು ಕಾಯಿಸಿದರು. ಆಮೇಲೆ ಅದೂ ಹೊಗೆಯೇ ಎಂದು ಬಿಟ್ಟು, ತಣ್ಣನೆಯ ಕಡಲಿನಿಂದ ಕಾವು ಹಿಂಡುವ ಯಂತ್ರ ತಂದು, ಬಂದರಿನಲ್ಲಿ ಚರ್ಚಿಗಿಂತ ಎತ್ತರದ ಬಿಸಿನೀರಿನ ಹಂಡೆ ಕಟ್ಟಿದರು. ಯಂತ್ರಕ್ಕೆ ಕರೆಂಟು ಕಡಲಲ್ಲಿ ನೆಟ್ಟ ಗಾಳಿಯಂತ್ರಗಳಿಂದ. ಗಾಳಿಯಂತ್ರದಲ್ಲಿ ಎಲ್ಲರಿಗೂ ಪಾಲು, ಹಾಗಾಗಿ ಬಿರುಗಾಳಿ ಬೀಸಿ ಹೆಂಚು ಹಾರಿದ ದಿನ ಜನ ಕೆದರಿದ ತಲೆಯಲ್ಲಿ ಒಬ್ಬರಿಗೊಬ್ಬರು ಶುಭಾಶಯ ಹೇಳುತ್ತಿದ್ದರು. ದಾಟುದೋಣಿಗೂ ಬ್ಯಾಟರಿ ಬಂತು. ಅದು ಎಷ್ಟು ನಿಶ್ಶಬ್ದವೆಂದರೆ ದೋಣಿ ಹೊರಟದ್ದೇ ಗೊತ್ತಾಗದೆ ಜನ ದಡದಲ್ಲೇ ಉಳಿಯತೊಡಗಿದರು. ಕೊನೆಗೆ ಮುದುಕ ಕಪ್ತಾನ ಧ್ವನಿವರ್ಧಕ ಹಿಡಿದು ಬಾಯಲ್ಲೇ "ಡುಗು ಡುಗು ಡುಗು" ಎಂದು ಎಂಜಿನ್ನಿನ ಸದ್ದು ಮಾಡತೊಡಗಿದ. ಈಗಲೂ ಮಾಡುತ್ತಾನೆ, ಅವನ ರಜದ ದಿನ ಹೆಂಡತಿ ಮಾಡುತ್ತಾಳೆ.

ಒಂದೊಂದು ಮನೆಗೆ ಕೊಳವೆ ಬಂದಂತೆ ಐನರನ ಪಟ್ಟಿಯಲ್ಲಿ ಒಂದೊಂದು ಹೆಸರಿಗೆ ಗೆರೆ ಬಿತ್ತು. ಸಾವಿರವಿದ್ದದ್ದು ನೂರಾಯಿತು, ನೂರು ಹತ್ತಾಯಿತು. ಉಳಿದ ಹೊತ್ತಿನಲ್ಲಿ ಅವನು ಪುರಸಭೆಯವರಿಗೆ ಗಾಳಿ ಹೋಗುವ ಕಿಂಡಿ ಗುಡಿಸಿಕೊಟ್ಟ. ಕಾಯ್ ತೀರಿಕೊಂಡ ದಿನ ಅವನು ಅದೇ ಕೋಟು ತೊಟ್ಟು ಚರ್ಚಿನ ಬಾಗಿಲಲ್ಲಿ ನಿಂತಿದ್ದ. ಶವದ ಮುಂದೆ ಅದೃಷ್ಟ ಮುಟ್ಟುವುದು ಸರಿಯೋ ತಪ್ಪೋ ಎಂದು ಎಲ್ಲರೂ ಬದಿಗೆ ಸರಿದು ಹೋದರು. ಬೋದಿಲ್ ಒಬ್ಬಳೇ ಹೋಗಿ ನಾಲ್ಕನೆಯ ಗುಂಡಿ ಮುಟ್ಟಿ ಬಂದಳು.

ಅವಳ ಮನೆ ಹಳೆಯ ದೋಣಿಕಟ್ಟೆಯಲ್ಲಿತ್ತು, ಎತ್ತುವ ಸೇತುವೆಯ ಆಚೆ. ಸೇತುವೆ ದಿನಕ್ಕೆ ನಾಲ್ಕು ಸಲ ಬಾಯಿ ತೆರೆಯುತ್ತದೆ, ಕೊಳವೆಗೆ ಹಾಗೆ ಬಾಯಿ ತೆರೆಯಲು ಬರುವುದಿಲ್ಲ. ಹಾಗಾಗಿ ಕೊಳವೆ ಅವಳವರೆಗೆ ಬರಲೇ ಇಲ್ಲ. ಒಂದು ದಿನ ಚೌಕದಲ್ಲಿ ದೊಡ್ಡ ಮಿನುಗುವ ಹಲಗೆ ಬಂತು: ಉಳಿದಿರುವ ಹೊಗೆಗೂಡು, ಒಂದು.

ಆ ಒಂದು ಬೋದಿಲ್‌ಳದು.

ಪುರಸಭೆಯ ಹವಾಮಾನದ ಅಧಿಕಾರಿ ಸಿಲ್ಯೆ ಸೈಕಲ್ಲಿನಲ್ಲಿ ಬಂದಳು. ಮೂವತ್ತರ ಹುಡುಗಿ, ಮಾತು ಅರಳು ಹುರಿದ ಹಾಗೆ. "ಬೋದಿಲ್, ನಿನಗೆ ಪುರಸಭೆಯಿಂದಲೇ ಒಂದು ಪುಟ್ಟ ಯಂತ್ರ ಕೂರಿಸ್ತೀವಿ. ಹೊರಗಿನ ಗಾಳಿಯಿಂದಲೇ ಕಾವು ತಗೊಳ್ಳುತ್ತೆ. ಸೌದೆ ಹೊರೋದು ತಪ್ಪುತ್ತೆ. ನಿನ್ನ ಮಂಡಿ ನೋಡು."

"ನೋಡಿದ್ದೀನಿ. ಒಳ್ಳೆ ಯಂತ್ರನೇ ಇರಬೇಕು. ಬರೋ ವರ್ಷ ಅಕ್ಟೋಬರ್ ಕಳೀಲಿ, ಹಾಕು."

"ಅಕ್ಟೋಬರಾ? ಸೊನ್ನೆ ಹಬ್ಬ ಈ ಜೂನ್‌ನಲ್ಲಿ! ಊರಿನಿಂದ ಒಂದು ಎಳೆ ಹೊಗೆ ಹೋಗಬಾರದು. ಬಾವುಟಕ್ಕೆಲ್ಲ ಹೇಳಿಯಾಗಿದೆ!"

"ಬಾವುಟ ಕೊಳೆಯೋ ಪದಾರ್ಥ ಅಲ್ಲ. ಬಿಸ್ಕತ್ತು ತಗೋ."

ಕಾರಣ ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಊರಿನಲ್ಲಿ ಬಳಕೆಯಲ್ಲಿರುವ ಹೊಗೆಗೂಡು ಒಂದಾದರೂ ಇದ್ದರೆ ಮಾತ್ರ ಗುಡಿಸುವವನ ಹುದ್ದೆ. ಇವಳ ಒಲೆ ಆರಿದ ಗಳಿಗೆಗೆ ಐನರನ ಹುದ್ದೆಯೂ ಆರುತ್ತದೆ. ಅವನು ಊರಿಗೆ ಬಂದು ಮೂವತ್ತೆಂಟು ವರ್ಷ ತುಂಬಿತ್ತು. ಅಪ್ಪ ನಿಂತಲ್ಲಿಗೇ ಬಂದು ನಿಂತಿದ್ದ.

ಊರಿನವರು ಬೈಯಲಿಲ್ಲ, ಅಲ್ಲಿ ಹಾಗೆಲ್ಲ ಬೈಯುವುದಿಲ್ಲ. ಸ್ವೆಟರು ತಂದುಕೊಟ್ಟರು. ಒಂದು ವಾರದಲ್ಲಿ ಹದಿನೇಳು ಸ್ವೆಟರು, ಎಂಟು ಜೊತೆ ಉಣ್ಣೆಯ ಕಾಲುಚೀಲ. "ಇಷ್ಟೆಲ್ಲ ಹಾಕ್ಕೊಂಡ್ರೆ ಒಲೆ ಯಾಕೆ ಬೇಕು?" ಎಂದು ಮೀನಂಗಡಿಯವನ ಹೆಂಡತಿ ನಕ್ಕಳು, ಹಲ್ಲು ಮಾತ್ರ. ಜಪಾನಿನಿಂದ ಸೊನ್ನೆ ಹೊಗೆಯ ಊರು ನೋಡಲು ಬಂದ ದೊಡ್ಡಮನುಷ್ಯರು ಹಂಡೆಯ ಮುಂದೆ ಒಂದು ಫೋಟೊ ತೆಗೆದು, ಬೋದಿಲ್‌ಳ ಹೊಗೆಯ ಮುಂದೆ ನಲವತ್ತು ತೆಗೆದರು. ಮೇಯರ್ ಪ್ರೆಬೆನ್ ಏದುಸಿರು ಬಿಡುತ್ತ ಸೈಕಲ್ ತುಳಿದು ಬಂದ.

"ಅತಿಥಿಗಳು ಬಂದಾಗಲಾದ್ರೂ ಒಲೆ ಹಚ್ಚಬೇಡ ಮಾರಾಯ್ತಿ."

"ಚಳಿ ಅತಿಥಿಗಳನ್ನ ಕೇಳಿಕೊಂಡು ಬರುತ್ತಾ ಪ್ರೆಬೆನ್? ನಿಮ್ಮಮ್ಮ ನನ್ನ ಜೊತೆ ಶೆಡ್ಡಲ್ಲಿ ಮೀನು ಕಟ್ತಿದ್ದಳು, ಅವಳ ಮಗನಾಗಿ ಇಂಥ ಮಾತಾ?"

ಆ ಏಪ್ರಿಲ್‌ನಲ್ಲಿ ಐನರ್ ಮಾಡು ಹತ್ತಿದ. ಬ್ರಷ್ಷು ಇಳಿಯಲಿಲ್ಲ. ಮಾತು ಇಳಿಯಿತು.

"ಬೋದಿಲ್, ನೀನು ಕುಂಟಿಕೊಂಡು ಸೌದೆ ಹೊರೋದನ್ನ ಇಲ್ಲಿಂದ ನೋಡಿದೆ."

"ನಿನ್ನ ಕೆಲಸ ಹೊಗೆಗೂಡು ನೋಡೋದು. ಅಂಗಳ ನೋಡೋದಲ್ಲ."

"ನನ್ನ ಗುಂಡಿಗೋಸ್ಕರ ಊರಿಗೆಲ್ಲ ಹೊಗೆ ಹಾಕ್ಬೇಡ. ಮೊದಲು ಕೈ ಎತ್ತಿದವನು ನಾನು. ಆರಿಸು."

"ಆರಿಸಲ್ಲ."

"ಎಮ್ಮೆ!"

"ಯಾರಿಗೆ ಎಮ್ಮೆ ಅಂತೀಯಾ? ಕೆಳಗೆ ಬಾ, ಹೇಳ್ತೀನಿ!"

ಕೆಳಗೆ ಬರಲಿಲ್ಲ. ಏಣಿ ಇಳಿದವನೇ, ಕಾಫಿಯನ್ನೂ ಕುಡಿಯದೆ, ಸೇತುವೆ ದಾಟಿ ನೇರ ಪುರಸಭೆಗೆ ಹೋದ. ಸಿಲ್ಯೆಯ ಮೇಜಿನ ಮುಂದೆ ನಿಂತು, "ನನ್ನ ಗುಂಡಿ ಬೇಡ. ಕೊನೆಯ ಹೊಗೆಗೂಡು ಮುಚ್ಚೋ ಕಾಗದ ಕೊಡು, ಸಹಿ ಹಾಕ್ತೀನಿ," ಎಂದ.

ಸಿಲ್ಯೆ ಸಂತೋಷದಿಂದ ಕಾಗದ ತೆಗೆದಳು, ಓದಿದಳು, ಮತ್ತೊಮ್ಮೆ ಓದಿದಳು. ಮುಖ ಬಿಳಿಚಿತು. ಊರಿನಲ್ಲಿ ಬಳಕೆಯ ಹೊಗೆಗೂಡು ಒಂದೂ ಇಲ್ಲವೆಂದು ಸಹಿ ಹಾಕಬೇಕಾದವನು ಊರಿನ ಹೊಗೆಗೂಡು ಗುಡಿಸುವವನು, ಅವನೊಬ್ಬನೇ. ಹೊಗೆಗೂಡು ಒಂದೂ ಇಲ್ಲವಾದರೆ ಅವನ ಹುದ್ದೆ ಇಲ್ಲ. ಹುದ್ದೆ ಇಲ್ಲದವನ ಸಹಿ ನಡೆಯುವುದಿಲ್ಲ.

"ಮುಚ್ಚೋಕೆ ಮುಂಚೆ ಸಹಿ ಹಾಕಿಬಿಡು," ಎಂದಳು.

"ಒಂದು ಉರೀತಿರುವಾಗ ಒಂದೂ ಇಲ್ಲ ಅಂತ ಬರೀಲಾ? ಸುಳ್ಳು ಬರೆಯೋನಲ್ಲ ನಾನು."

"ಹಾಗಾದ್ರೆ ಮುಚ್ಚಿದ ಮೇಲೆ ಹಾಕು."

"ಆಗ ನಾನು ಯಾರು? ದಾರೀಲಿ ಹೋಗೋ ಮುದುಕ."

"ಪಕ್ಕದೂರಿನವನನ್ನ ಕರೆಸೋಣ."

"ಅವನು ಹೋದ ವರ್ಷದಿಂದ ಐಸ್‌ಕ್ರೀಮ್ ಮಾರ್ತಿದ್ದಾನೆ. ಅವರ ಊರಿಗೂ ಇದೇ ರೋಗ. ಹೊಗೆ ನಿಂತಿದೆ, ಸಹಿ ಬಿದ್ದಿಲ್ಲ."

ಮತ್ತೆ ಸಭೆ. ಹಾಡಾಯಿತು, ಬನ್ನಾಯಿತು. ಎರಡು ಗಂಟೆ ಜಗಳವಾಯಿತು. ಚರ್ಚಿನ ಹೊಗೆಗೂಡಿನಲ್ಲಿ ಒಂದು ಮೋಂಬತ್ತಿ ಉರಿಸೋಣ ಎಂದ ಪಾದ್ರಿ. ಮೋಂಬತ್ತಿಗೂ ಹೊಗೆಯಿದೆ ಎಂದು ಕೂರಿಸಿದರು. ಐನರ್ ಗೋಡೆಗೊರಗಿ, ಖಾಲಿ ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದ. ಸಭೆಯಲ್ಲಿ ಎಂದೂ ಬಾಯಿ ತೆರೆಯದ ಬೋದಿಲ್ ಎರಡು ಸ್ವೆಟರು ಹಾಕಿಕೊಂಡು ಎದ್ದು ನಿಂತಳು.

"ಸಿಲ್ಯೆ, ಆ ಕಾಗದದಲ್ಲಿ ಹೊಗೆ ಬಗ್ಗೆ ಬರೆದಿದೆಯೋ, ಬಳಕೆ ಬಗ್ಗೆ ಬರೆದಿದೆಯೋ?"

"ಎರಡೂ ಇದೆ. ಏನು ಉರಿಸ್ತೀರಿ ಅಂತ ಒಂದು ಸಾಲು, ಯಾವುದಕ್ಕೆ ಬಳಸ್ತೀರಿ ಅಂತ ಒಂದು ಸಾಲು."

"ಸರಿ. ನೀನು ಹೇಳೋ ಯಂತ್ರ ಹಾಕಿಬಿಡು. ಒಲೆ ಆರಿಸ್ತೀನಿ. ಉರಿಸೋದು ಏನೂ ಇಲ್ಲ ಅಂತ ಬರಿ. ಆದ್ರೆ ಹೊಗೆಗೂಡು ಮುಚ್ಚಬೇಡ, ಅದು ಬಳಕೇಲಿದೆ."

"ಯಾವ ಬಳಕೆ?"

"ಮಾತಿಗೆ. ಮೂವತ್ತೆಂಟು ವರ್ಷದಿಂದ ಅದರೊಳಗೆ ಹೊಗೆ ಹೋಗಿದ್ದಕ್ಕಿಂತ ಮಾತು ಹೋಗಿದ್ದು ಹೆಚ್ಚು. ನಾನೇನು ಇವತ್ತು ಹೊಸದಾಗಿ ಹೇಳ್ತಿಲ್ಲ. ಬೇಕಾದ್ರೆ ಮೀನಂಗಡಿಯವನನ್ನ ಕೇಳು, ಎಷ್ಟು ಸಲ ಅಂಗಳದಲ್ಲಿ ನಿಂತು ಕದ್ದು ಕೇಳಿದ್ದಾನೆ ಅಂತ."

ಮೀನಂಗಡಿಯವನು ಕೆಂಪಾಗಿ, ಹೌದು, ಸ್ಪಷ್ಟವಾಗಿ ಕೇಳಿಸುತ್ತದೆ ಎಂದ. ಅದನ್ನು ಸಾಕ್ಷಿ ಎಂದು ಬರೆದುಕೊಂಡರು. ಬರೀ ಹೊಗೆಗೆ ಸೊನ್ನೆ ಬೀಳಲಿ, ಹೊಗೆಗೂಡಿಗೆ ಒಂದು ಉಳಿಯಲಿ ಎಂದು ಮುನ್ನೂರ ಹನ್ನೊಂದು ಕೈ ಎದ್ದವು. ಬೇಡವೆಂದು ನಾಲ್ಕು. ಇನ್ನೊಂದು ಕೈ ಎದ್ದಿತ್ತು, ವಿಚಾರಿಸಿದರೆ ಅದು ಕಾಫಿ ಕೇಳಿದ್ದು. ಸಿಲ್ಯೆ ಅಲ್ಲೇ ಕೂತು ನಿಯಮ ಬರೆದಳು: ವರ್ಷಕ್ಕೆ ಎರಡು ತಪಾಸಣೆ, ಮೇಲಿನಿಂದ ಆಡಿದ ಮಾತು ಕೆಳಗೆ ಸ್ಪಷ್ಟವಾಗಿ ಕೇಳಿಸಬೇಕು, ಕೇಳಿಸಿತೆಂದು ಗುಡಿಸುವವನು ಬರೆದು ಸಹಿ ಹಾಕಬೇಕು.

ಜೂನ್‌ನಲ್ಲಿ ಹಬ್ಬವಾಯಿತು. ಯಂತ್ರ ಹಿತ್ತಲಲ್ಲಿ ಬೆಕ್ಕಿನಂತೆ ಗುರುಗುಟ್ಟುತ್ತ ಮನೆ ಬೆಚ್ಚಗಿಟ್ಟಿತು. ಬೋದಿಲ್‌ಳ ಮಂಡಿ ಸ್ವಲ್ಪ ಸುಧಾರಿಸಿತು. ಅಕ್ಟೋಬರ್‌ನಲ್ಲಿ ಐನರ್ ಹತ್ತಿದ, ಏಪ್ರಿಲ್‌ನಲ್ಲಿ ಹತ್ತಿದ. ಬರೀ ಮಾತು. ಮಸಿಯಿಲ್ಲದೆ ಅವನ ಮುಖವೂ ಬೆಳ್ಳಗಾಗಿ, ಬೀದಿಯಲ್ಲಿ ಕೆಲವರು ಗುರುತು ಹಿಡಿಯಲಿಲ್ಲ.

ಉಳಿದದ್ದು ಒಂದೇ ತಪಾಸಣೆ, ನಲವತ್ತು ತುಂಬುವ ಅಕ್ಟೋಬರಿನದು. ಅದಕ್ಕೆ ಹದಿನೈದು ದಿನವಿರುವಾಗ, ಅಷ್ಟು ವರ್ಷ ಒದ್ದೆ ಹೆಂಚಿನ ಮೇಲೆ ಓಡಾಡಿದವನು ಬೇಕರಿಯ ಮುಂದಿನ ಕಾಲುಹಾದಿಯ ಅಂಚಿನಿಂದ ಬಿದ್ದ. ನಾಲ್ಕು ಬೆರಳಿನ ಎತ್ತರ. ಸೊಂಟದ ಮೂಳೆ ಮುರಿಯಿತು. ಎದೆಯೂ ಸರಿಯಿಲ್ಲ, ಹಳೆಯ ಹೊಗೆ ಒಳಗೇ ಕೂತಿದೆ ಎಂದರು ಡಾಕ್ಟರು.

ಬೋದಿಲ್ ಆಸ್ಪತ್ರೆಗೆ ಹೋದಳು. ಕುರ್ಚಿಯ ಬೆನ್ನಿಗೆ ಕೋಟು ನೇತುಹಾಕಿತ್ತು. ಇಬ್ಬರೂ ಎದುರುಬದುರು, ನಡುವೆ ಹೊಗೆಗೂಡಿಲ್ಲ, ಮಾತು ಬರಲೊಲ್ಲದು. ಬಹಳ ಹೊತ್ತಿಗೆ ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡು, ಅಲ್ಲಿಂದ ಹೇಳಿದ: "ನಿಯಮ ಓದಿಸಿ ನೋಡಿದೆ. ಮೇಲಿನಿಂದ ಆಡಿದ ಮಾತು ಅಂತಿದೆ. ಯಾರು ಆಡಬೇಕು ಅಂತಿಲ್ಲ. ಕೇಳಿಸಿತು ಅಂತ ಬರೆಯೋನು ಮಾತ್ರ ನಾನಾಗಿರಬೇಕು."

"ಅಂದ್ರೆ?"

"ಅಂದ್ರೆ ನೀನು ಹತ್ತಬೇಕು."

"ನನಗೆ ಎಪ್ಪತ್ತನಾಲ್ಕು, ಐನರ್!"

"ಅದಕ್ಕೇ ಬೇಗ ಹತ್ತು ಅಂತಿರೋದು."

ತಪಾಸಣೆಯ ದಿನ, ಮಂಗಳವಾರ, ಪುರಸಭೆ ಬೀದಿದೀಪದ ಗಾಡಿ ಕಳಿಸಿತು. ಬುಟ್ಟಿಯಲ್ಲಿ ನಿಲ್ಲಿಸಿ ಮೇಲೆತ್ತುವಂಥದ್ದು, ಅದೂ ಬ್ಯಾಟರಿಯದು, ಸದ್ದೇ ಇಲ್ಲ. ಅಡುಗೆಮನೆಯಲ್ಲಿ ಐನರ್ ಗಾಲಿಕುರ್ಚಿಯಲ್ಲಿ ಕೋಟು ತೊಟ್ಟು ಒಲೆಯ ಬಾಗಿಲ ಮುಂದೆ ಕೂತಿದ್ದ. ಪಕ್ಕದಲ್ಲಿ ಸಾಕ್ಷಿಗೆ ಸಿಲ್ಯೆ, ಬೆಳ್ಳಿಗುಂಡಿಯ ಡಬ್ಬಿ ಹಿಡಿದು ಮೇಯರ್ ಪ್ರೆಬೆನ್. ಮೇಜಿನ ಮೇಲೆ ಮೂರು ಪದರದ ಕೇಕು. ಒಂದು ವರ್ಷದ ಮೇಲಿನಿಂದ ಮಸಿ ಇಲ್ಲದಿದ್ದರೂ ಬೋದಿಲ್ ಅದರ ಮೇಲೆ ದೊಡ್ಡ ಪಾತ್ರೆ ಬೋರಲು ಹಾಕಿ ಬಂದಿದ್ದಳು.

ಗಾಡಿಯ ಹೆಂಗಸು ಅವಳ ಸೊಂಟಕ್ಕೆ ಪಟ್ಟಿ ಬಿಗಿದು ಗುಂಡಿ ಒತ್ತಿದಳು. ಕಿಟಕಿ ಕೆಳಗಾಯಿತು, ಹೆಂಚು ಕೆಳಗಾಯಿತು. ಬೋದಿಲ್ ಬುಟ್ಟಿಯ ಅಂಚು ಹಿಡಿದು ಕಣ್ಣು ಮುಚ್ಚಿದ್ದವಳು ಮೆಲ್ಲಗೆ ತೆರೆದಳು. ಊರಿಗೆ ಊರೇ ಅಂಗೈಯಲ್ಲಿಟ್ಟ ಹಾಗಿತ್ತು. ಒಂದು ಎಳೆ ಹೊಗೆಯಿಲ್ಲ. ತೊಳೆದಿಟ್ಟಂಥ ಮಾಡುಗಳು, ಆಚೆ ಹಂಡೆ, ಅದರಾಚೆ ಕಡಲಲ್ಲಿ ತಿರುಗುವ ಗಾಳಿಯಂತ್ರಗಳು. ಎಲ್ಲಿಂದಲೋ "ಡುಗು ಡುಗು ಡುಗು" ಎಂದು ಕಪ್ತಾನನ ಬಾಯಿ. ಬಡಪಾಯಿ ಇದನ್ನೆಲ್ಲ ಒಬ್ಬನೇ ನೋಡುತ್ತಿದ್ದನಲ್ಲ, ಅರ್ಧ ಮಾತ್ರ ಹೇಳುತ್ತಿದ್ದ ಎನಿಸಿತು.

ಹೊಗೆಗೂಡಿನ ಬಾಯಿಗೆ ಬಗ್ಗಿದಳು. ಏನು ಹೇಳಬೇಕೆಂದು ರಾತ್ರಿಯೆಲ್ಲ ಕಲಿತಿದ್ದು ಮರೆತುಹೋಯಿತು. ಬಾಯಿಗೆ ಬಂದದ್ದು ಒಂದೇ.

"ಕೆಳಗಿರೋರು ಒಲೆ ಬಾಗಿಲು ಮುಚ್ಚಿ!"

ಕೆಳಗೆ ಅವನು ಆಗಲೇ "ಸ್ಪಷ್ಟವಾಗಿ ಕೇಳಿಸಿತು" ಎಂದು ಬರೆದು, ಸಹಿ ಹಾಕಿ, ಪೆನ್ನಿನ ಮುಚ್ಚಳವನ್ನೂ ಹಾಕಿಬಿಟ್ಟಿದ್ದನಂತೆ. ಪ್ರೆಬೆನ್ ಡಬ್ಬಿ ತೆರೆದಿದ್ದನಂತೆ. ಇದೆಲ್ಲ ಸಿಲ್ಯೆ ಆಮೇಲೆ ಹೇಳಿದ್ದು, ಮೂರನೆಯ ಗುಂಡಿಯಿದ್ದ ಆ ಕೋಟಿನಲ್ಲೇ ಅವನನ್ನು ಮಣ್ಣು ಮಾಡಿ ಬಂದ ದಿನ. ಮೇಲಿದ್ದ ಬೋದಿಲ್‌ಗೆ ಆಗ ಗೊತ್ತಾದದ್ದು ಇಷ್ಟೇ: ಒಲೆಯಿಂದ ಒಂದು ಕೆಮ್ಮು, ಆಮೇಲೆ ಅವನ ಧ್ವನಿ.

"ಸರಿಯಾಗಿ ಕೇಳಿಸಲಿಲ್ಲ ಬೋದಿಲ್. ಇನ್ನೊಂದು ಸಲ ಹೇಳು."